ಆಪತ್ತಿಗೊಂದು ಸೂರು

ನನ್ನ ಬಾಲ್ಯದ ಮತ್ತಿಕೆರೆ ಬೆಂಗಳೂರಿನ ಅಂಚಿನಲ್ಲಿದ್ದ ಒಂದು ಹಳ್ಳಿ. ಇಂದು ನಗರವು ಅದನ್ನು ಎಲ್ಲ ಕಡೆಯಿಂದಲೂ ಆವರಿಸಿಕೊಂಡಿದೆ. ಅಲ್ಲಿ ಮದುವೆ ಗೊತ್ತಾದ ಮನೆಯ ಮುಂದೆ, ಲಗ್ನದ ಹಿಂದಿನ ದಿನ ಮುಂಜಾನೆ, ಎತ್ತಿನ ಗಾಡಿಯೊಂದು ಬಂದು ನಿಲ್ಲುತ್ತಿತ್ತು. ಗಾಡಿಯ ತುಂಬ ಬಿದಿರಿನ ಗಳಗಳು, ಹೆಣೆದ ತೆಂಗಿನ ಗರಿಗಳು, ನಾರಿನ ಹುರಿಯ ಸುರುಳಿಗಳು. ಜೊತೆಯಲ್ಲಿ ಬಂದ ಮೂರು ನಾಲ್ಕು ಜನ ಮೊಳ ಮಾರುಗಳಲ್ಲಿ ನೆಲವನ್ನಳೆದು ಗುಣಿ ತೋಡುತ್ತಿದ್ದರು. ಒಬ್ಬನು ಗಳವನ್ನು ನಿಲ್ಲಿಸಿದರೆ ಮತ್ತೊಬ್ಬನು ಮೇಲೇರಿ ಅಡ್ಡಗಳವನ್ನು ಬಿಗಿಯುತ್ತಿದ್ದನು. ಒಂದು ಮೊಳೆಯನ್ನೂ ಹೊಡೆಯದೆ, ಒಂದು ನಕ್ಷೆಯನ್ನೂ ನೋಡದೆ, ಸೂರ್ಯ ಮುಳುಗುವುದರೊಳಗೆ ನೂರು ಜನ ಕುಳಿತು ಉಣ್ಣಬಲ್ಲ ತಣ್ಣನೆಯ ಚಪ್ಪರ ಎದ್ದು ನಿಲ್ಲುತ್ತಿತ್ತು. ಮದುವೆ ಮುಗಿದ ಮೇಲೆ ಅದೇ ಗಳಗಳು, ಅದೇ ಹುರಿ ಗಾಡಿಯೇರಿ ಇನ್ನೊಂದು ಮನೆಯ ಮದುವೆಗೆ ಹೊರಡುತ್ತಿದ್ದವು.

ಆ ಚಪ್ಪರ ಈಗ ನನಗೆ ಹೆಚ್ಚಾಗಿ ನೆನಪಾಗುವುದು ನೆರೆ ಬಂದು ಊರುಗಳು ಮುಳುಗಿದ ಸುದ್ದಿಯನ್ನು ಓದಿದಾಗ. ಗುಡ್ಡ ಜರಿದು ಮನೆಗಳು ಮಣ್ಣುಪಾಲಾದ ಚಿತ್ರಗಳನ್ನು ನೋಡಿದಾಗ. ಸಂತೋಷದ ದಿನಕ್ಕಾಗಿ ಒಂದೇ ಹಗಲಿನಲ್ಲಿ ಸೂರು ಕಟ್ಟಬಲ್ಲ ನಾವು ಸಂಕಟದ ದಿನಕ್ಕಾಗಿ ಏಕೆ ಕಟ್ಟಲಾರದೆ ಹೋಗುತ್ತೇವೆ? ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಸರಳವಾದುದು. ಚಪ್ಪರದ ಸಿದ್ಧತೆ ಮೊದಲೇ ಮುಗಿದಿರುತ್ತದೆ. ಆದುದರಿಂದಲೇ ಅದು ಬೇಗ ಏಳುತ್ತದೆ. ಸಾಮಗ್ರಿ ಎಲ್ಲಿದೆ, ಕಟ್ಟುವವರು ಯಾರು, ಎಲ್ಲಿ ಕಟ್ಟಬೇಕು ಎಂಬ ಮೂರು ಸಂಗತಿಗಳೂ ಎಲ್ಲರಿಗೂ ಗೊತ್ತಿರುತ್ತವೆ. ಆಪತ್ಕಾಲದ ಸೂರಿಗೂ ಈ ಮೂರು ಸಂಗತಿಗಳು ಮೊದಲೇ ಗೊತ್ತಿರಬೇಕು. ಸಾಮಗ್ರಿಯನ್ನು ನಮ್ಮ ಮಣ್ಣು, ಬಿದಿರು, ಸೋಗೆಗಳು ಕೊಡಬಲ್ಲವು. ಸ್ಥಳದ ಮತ್ತು ಕಾಲದ ಅರಿವನ್ನು ಇಂದಿನ ಡಿಜಿಟಲ್ ತಂತ್ರಜ್ಞಾನ ಕೊಡಬಲ್ಲದು. ಕಟ್ಟುವ ಕೈಗಳು ಊರಿನವರದೇ ಆಗಿರಬೇಕು. ಇದು ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು.

ಹಳೆಯ ಸಾಮಗ್ರಿ ಮತ್ತು ಹೊಸ ಯಂತ್ರಗಳು ಹೀಗೆ ಜೊತೆಗೂಡುವುದು ನಮ್ಮ ನಗರಕ್ಕೆ ಹೊಸತೇನೂ ಅಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಮನೆಯಿಂದ ಮನೆಗೆ ಹಬ್ಬಿತು. ಜನ ಊರಾಚೆಯ ಬಯಲುಗಳಲ್ಲಿ ಶಿಬಿರಗಳನ್ನು ಸೇರಬೇಕಾಯಿತು. ಪ್ಲೇಗು ಕಾಣಿಸಿಕೊಂಡ ಹಳ್ಳಿಗಳ ಜನರೂ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಬಿದಿರು ಹುಲ್ಲುಗಳ ಗುಡಿಸಲು ಕಟ್ಟಿಕೊಂಡು ರೋಗ ತಗ್ಗುವವರೆಗೆ ಅಲ್ಲಿಯೇ ಬಾಳಿದರು. ಅದೇ ಸಮಯದಲ್ಲಿ, ರೋಗ ತಡೆಯುವ ಕಾರ್ಯವನ್ನು ಹೊಂದಿಸಿಕೊಂಡು ನಡೆಸುವುದಕ್ಕಾಗಿ ಬೆಂಗಳೂರಿನಲ್ಲಿ ದೂರವಾಣಿಯ ತಂತಿಗಳನ್ನು ಎಳೆಯಲಾಯಿತು. ಹುಲ್ಲಿನ ಗುಡಿಸಲು ಅತ್ಯಂತ ಪ್ರಾಚೀನವಾದುದು. ದೂರವಾಣಿ ಅಂದಿಗೆ ಅತ್ಯಂತ ನವೀನವಾದುದು. ಒಂದೇ ಆಪತ್ತಿನಲ್ಲಿ ಎರಡೂ ಮನುಷ್ಯನ ನೆರವಿಗೆ ಬಂದವು. ಗಾಳಿ ಬೆಳಕುಗಳ ಬೆಲೆಯನ್ನು ಹೀಗೆ ಕಷ್ಟದಿಂದ ಅರಿತ ನಗರವು ಆ ಬಳಿಕ ಮಲ್ಲೇಶ್ವರ, ಬಸವನಗುಡಿಗಳ ವಿಶಾಲವಾದ ಬೀದಿಗಳತ್ತ ಬೆಳೆಯಿತು.

ಪ್ಲೇಗು ಇಂದು ಇಲ್ಲ. ಆದರೆ ಮನೆ ಬಿಡಬೇಕಾದ ದಿನಗಳು ತಪ್ಪಿಲ್ಲ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ನದಿಗಳು ಉಕ್ಕಿ ಹರಿದವು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಮಾಳಿಗೆಯ ಲಕ್ಷಾಂತರ ಮನೆಗಳು ನೆನೆದು ಕುಸಿದವು. ನಿರಾಶ್ರಿತರಿಗಾಗಿ ಮನೆ ಕಟ್ಟಲು ‘ಆಸರೆ’ ಎಂಬ ಯೋಜನೆಯನ್ನು ಸರ್ಕಾರ ಹಮ್ಮಿಕೊಂಡಿತು. ೨೦೧೮ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರ ದಡದ ಊರುಗಳು ಮತ್ತೆ ನೀರಿನಲ್ಲಿ ನಿಂತವು.

ಇಂತಹ ಸಮಯದಲ್ಲಿ ಜನ ಮೊದಲು ಓಡಿ ಬರುವುದು ಎಲ್ಲಿಗೆ? ಶಾಲೆಗೆ. ಹಳ್ಳಿಯಲ್ಲಿ ಎತ್ತರದ, ಗಟ್ಟಿಯಾದ ಕಟ್ಟಡ ಬಹುಮಟ್ಟಿಗೆ ಅದೊಂದೇ. ತರಗತಿಯ ಕೋಣೆ ಕಾಳಜಿ ಕೇಂದ್ರವಾಗುತ್ತದೆ. ಬೆಂಚುಗಳು ಹೊರಗೆ ಹೋಗಿ ಚಾಪೆಗಳು ಒಳಗೆ ಬರುತ್ತವೆ. ಇದು ತಪ್ಪಲ್ಲ, ಶಾಲೆಗೆ ಇದಕ್ಕಿಂತ ದೊಡ್ಡ ಪುಣ್ಯವೂ ಇಲ್ಲ. ಆದರೆ ದಿನಗಳು ವಾರಗಳಾದಾಗ ಒಂದು ತೊಡಕು ಹುಟ್ಟುತ್ತದೆ. ಮಕ್ಕಳಿಗೆ ಶಾಲೆಯನ್ನು ತೆರೆಯಬೇಕಾದರೆ ಜನರನ್ನು ಹೊರಡಿಸಬೇಕು. ಜನರನ್ನು ಉಳಿಸಿಕೊಂಡರೆ ಪಾಠ ನಿಲ್ಲುತ್ತದೆ. ಸ್ವಂತ ಮನೆಯಂತೂ ತಿಂಗಳುಗಳ ತರುವಾಯದ ಮಾತು. ಶಾಲೆಗೂ ಸ್ವಂತ ಮನೆಗೂ ನಡುವೆ ಇರುವ ಈ ಅಂತರದಲ್ಲಿಯೇ ಆಪತ್ಕಾಲದ ಸೂರು ಬೇಕಾಗುವುದು. ಅಲ್ಲಿ ಸಾಮಾನ್ಯವಾಗಿ ಏಳುವುದು ತಗಡಿನ ಶೆಡ್ಡು.

೨೦೦೯ರ ನೆರೆಯ ಕೆಲವು ತಿಂಗಳ ಬಳಿಕ, ನನ್ನ ಶಾಲೆಯ ಮಕ್ಕಳು ಕೂಡಿಸಿದ ಪುಸ್ತಕ ಬಟ್ಟೆಗಳನ್ನು ತೆಗೆದುಕೊಂಡು ನಾನು ಮಲಪ್ರಭೆಯ ದಡದ ಒಂದು ಹಳ್ಳಿಗೆ ಹೋಗಿದ್ದೆ. ಬೇಸಿಗೆಯ ಮಧ್ಯಾಹ್ನ. ಸಾಲಾಗಿ ನಿಂತ ಶೆಡ್ಡುಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ದೂರದ ಒಂದು ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದರು.

“ಯಾಕಮ್ಮಾ, ಎಲ್ಲರೂ ಹೊರಗೇ ಕುಳಿತಿದ್ದೀರಿ?” ಎಂದು ಒಬ್ಬ ಮುದುಕಿಯನ್ನು ಕೇಳಿದೆ.

“ಒಳಗ ಹೊಕ್ಕು ನೋಡ್ರಿ ಮಾಸ್ತರ. ಒಲಿ ಹಚ್ಚೂದ ಬ್ಯಾಡ, ನಾವ ಒಲಿಯಾಗ ಕುಂತಂಗ ಆಗತೈತಿ” ಎಂದಳು ಆಕೆ.

ಒಳಗೆ ಹೋದ ನಾನು ಎರಡು ನಿಮಿಷವೂ ನಿಲ್ಲಲಾರದೆ ಹೊರಗೆ ಬಂದೆ. ಆ ಸಾಲಿನ ಕೊನೆಯಲ್ಲಿ ಒಂದು ಶೆಡ್ಡು ಮಾತ್ರ ಬೇರೆಯಾಗಿತ್ತು. ಅದರ ಒಡೆಯನಾದ ರೈತನು ಕಬ್ಬಿನ ಒಣ ಎಲೆಗಳನ್ನು—ಆ ಕಡೆಯವರು ಅದನ್ನು ರವದಿ ಎನ್ನುತ್ತಾರೆ—ತಗಡಿನ ಮೇಲೆ ಒಂದು ಮೊಳ ದಪ್ಪಕ್ಕೆ ಹೊದಿಸಿ, ಹಗ್ಗ ಬಿಗಿದು, ಕಲ್ಲು ಹೇರಿದ್ದನು. ಅದರೊಳಗೆ ಒಂದು ಕೂಸು ತೊಟ್ಟಿಲಲ್ಲಿ ನಿದ್ರಿಸುತ್ತಿತ್ತು. ಆ ರೈತನಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಶೆಡ್ಡು ಕಟ್ಟುವ ಮೊದಲು ಅವನನ್ನು ಯಾರೂ ಏನನ್ನೂ ಕೇಳಿಯೂ ಇರಲಿಲ್ಲ.

ಆ ರೈತನ ಅರಿವು ನಾಡಿನ ಎಲ್ಲೆಡೆಯೂ ಇದೆ. ಕರಾವಳಿಯಲ್ಲಿ ತೆಂಗಿನ ಮಡಲು, ಮಲೆನಾಡಿನಲ್ಲಿ ಅಡಿಕೆಯ ಸೋಗೆ ಮತ್ತು ದಬ್ಬೆ, ಬಯಲುಸೀಮೆಯಲ್ಲಿ ಜೋಳದ ದಂಟು, ಕಬ್ಬು ಬೆಳೆಯುವ ಕಡೆ ಅದರ ಎಲೆ, ಕೆರೆಯಂಗಳದಲ್ಲಿ ಜೊಂಡು, ಕಾಡಿನಂಚಿನಲ್ಲಿ ಬಿದಿರು. ಎಲ್ಲ ಕಡೆಯೂ ಮಣ್ಣು. ಈ ವಸ್ತುಗಳನ್ನು ದೂರದಿಂದ ತರಬೇಕಾಗಿಲ್ಲ. ರಸ್ತೆ ಕೊಚ್ಚಿಹೋದಾಗ, ಸೇತುವೆ ಮುರಿದಾಗ, ಲಾರಿಗಳು ಬರಲಾರದೆ ನಿಂತಾಗ ಇದು ಸಣ್ಣ ಮಾತಲ್ಲ. ಕೆಲಸ ಮುಗಿದ ಮೇಲೆ ಇವು ಗೊಬ್ಬರವಾಗಿಯೋ ಉರುವಲಾಗಿಯೋ ಮತ್ತೆ ಮಣ್ಣನ್ನೇ ಸೇರುತ್ತವೆ.

ಇಲ್ಲಿ ನೀವು ಒಂದು ಆಕ್ಷೇಪವನ್ನು ಎತ್ತಬಹುದು: “ಮಣ್ಣಿನ ಮನೆಗಳೇ ತಾನೆ ನೆರೆಯಲ್ಲಿ ಕುಸಿದದ್ದು? ಮತ್ತೆ ಮಣ್ಣಿಗೇ ಮೊರೆಹೋಗುವುದೇ?” ಇದು ನ್ಯಾಯವಾದ ಪ್ರಶ್ನೆ. ಇದಕ್ಕಿಂತ ಕಟುವಾದ ಉದಾಹರಣೆಯೂ ಉಂಟು. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ನಮ್ಮ ಬೀದರ್ ಜಿಲ್ಲೆಗೆ ನೆರೆಯಾದ ಮಹಾರಾಷ್ಟ್ರದ ಲಾತೂರಿನಲ್ಲಿ ಭೂಮಿ ಕಂಪಿಸಿತು. ಕಲ್ಲನ್ನು ಬರಿಯ ಕೆಸರಿನಲ್ಲಿ ಜೋಡಿಸಿದ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಭಾರವಾದ ಮಾಳಿಗೆಗಳು—ಮಲಗಿದ್ದವರ ಮೇಲೆಯೇ ಬಿದ್ದವು. ಸುಮಾರು ಹತ್ತು ಸಾವಿರ ಜನ ಸತ್ತರು. ಆದರೆ ೨೦೦೧ರ ಜನವರಿ ೨೬ರಂದು ಗುಜರಾತಿನ ಕಚ್ಛದಲ್ಲಿ ಭೂಕಂಪವಾದಾಗ ಅಲ್ಲಿನ ‘ಭುಂಗಾ’ ಎಂಬ ಮನೆಗಳು ಬಹುಮಟ್ಟಿಗೆ ಉಳಿದುಕೊಂಡವು. ಅವೂ ಮಣ್ಣಿನವೇ. ಆದರೆ ಅವುಗಳ ಗೋಡೆ ದುಂಡಾದುದು. ಮಾಡು ಹುಲ್ಲಿನದು, ಹಗುರವಾದುದು. ಮಣ್ಣನ್ನು ದೂರುವ ಮೊದಲು ಅದಕ್ಕೆ ನಾವು ಕೊಟ್ಟ ಆಕಾರವನ್ನೂ ಹೊರಿಸಿದ ಭಾರವನ್ನೂ ಪರೀಕ್ಷಿಸಬೇಕೆಂಬುದನ್ನು ಈ ಎರಡು ಊರುಗಳು ಕಲಿಸುತ್ತವೆ. ನೀರಿಗೆ ಮಣ್ಣು ಕರಗುವುದು ನಿಜ. ಆದುದರಿಂದ ಅಡಿಪಾಯ ಎತ್ತರವಾಗಿರಬೇಕು, ಸೂರಂಚು ಗೋಡೆಯಿಂದ ಹೊರಗೆ ಚಾಚಿರಬೇಕು. ಹುಲ್ಲಿಗೆ ಬೆಂಕಿಯ ಭಯ ಉಂಟು. ಆದುದರಿಂದ ಸೂರುಗಳ ನಡುವೆ ಅಂತರವಿರಬೇಕು, ಒಲೆ ಹೊರಗಿರಬೇಕು. ಬಿದಿರಿಗೆ ಹುಳುವಿನ ಕಾಟ ಉಂಟು; ಆದುದರಿಂದ ಎಳೆಯ ಬಿದಿರನ್ನು ಕಡಿಯದೆ ಬಲಿತುದನ್ನೇ ಆರಿಸಬೇಕು. ನಮ್ಮ ಹಿರಿಯರು ಕಡಿದ ಬಿದಿರನ್ನು ಕೆರೆಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದರು. ಹುಳುವಿಗೆ ಆಹಾರವಾದ ಪಿಷ್ಟ ಅದರಿಂದ ತೊಳೆದುಹೋಗುತ್ತಿತ್ತು. ಇಂದು ಅದೇ ಕೆಲಸಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲಗಳ ದ್ರಾವಣವನ್ನು ಬಳಸುತ್ತಾರೆ.

ಈ ವಿಷಯಗಳನ್ನು ಕುರಿತು ದೊಡ್ಡ ಸಂಶೋಧನೆಗಳು ನಡೆದಿರುವುದು ನನ್ನ ಮತ್ತಿಕೆರೆಯ ಸುತ್ತಮುತ್ತಲೇ ಎಂಬುದು ನನಗೆ ಹೆಮ್ಮೆಯ ಸಂಗತಿ. ಮತ್ತಿಕೆರೆಯ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಪ್ರಾಧ್ಯಾಪಕ ಅಮೂಲ್ಯಕುಮಾರ ಎನ್. ರೆಡ್ಡಿಯವರು ಅದರ ಪ್ರವರ್ತಕರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗಭೂಮಿ. ಅಲ್ಲಿನ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆಗಳನ್ನು ಮಾಡುವ ವಿಧಾನವನ್ನು ಬೆಳೆಸಿದರು. ಈ ಇಟ್ಟಿಗೆಗೆ ಮೂರು ವಾರ ನೀರುಣಿಸಬೇಕು. ಆದುದರಿಂದ ಇದು ಮೊದಲ ದಿನದ ಸೂರಿಗೆ ಒದಗದು, ಮುಂದಿನ ಸ್ಥಿರವಾದ ಮನೆಗೆ ಒದಗುತ್ತದೆ.

ಮೊದಲ ತಿಂಗಳುಗಳ ಸೂರಿಗೆ ಒದಗುವುದು ಬಿದಿರು. ತುಮಕೂರು ರಸ್ತೆಯಲ್ಲಿ ಬಹುಕಾಲ ‘ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನಾ ಮತ್ತು ತರಬೇತಿ ಸಂಸ್ಥೆ’ ಎಂಬ ಹೆಸರಿನಿಂದ ನಡೆದ ಸಂಸ್ಥೆಯ ವಿಜ್ಞಾನಿಗಳು ಬಿದಿರಿನ ಕಂಬ, ಬಿದಿರಿನ ಗೋಡೆ, ಬಿದಿರಿನ ಮಾಡುಗಳ ಮನೆಯೊಂದನ್ನು ರೂಪಿಸಿದರು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಭೂಕಂಪದಂತೆಯೇ ಅಲುಗಾಡುವ ಒಂದು ವೇದಿಕೆಯಿದೆ. ಮನೆಯನ್ನು ಅದರ ಮೇಲೆ ಕಟ್ಟಿ, ೧೯೯೫ರಲ್ಲಿ ಜಪಾನಿನ ಕೋಬೆ ನಗರವನ್ನು ಕೆಡವಿದ ಭೂಕಂಪದ ಅಲುಗಾಟವನ್ನೇ ಅದಕ್ಕೆ ಕೊಟ್ಟು ನೋಡಿದರು. ಮನೆ ನಿಂತಿತು. ಅದೇ ಸಂಸ್ಥೆಯಲ್ಲಿ ಬಿದಿರಿನ ಚಾಪೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ತಗಡಿನಂತೆ ಅಲೆಯಲೆಯಾದ ಹೊದಿಕೆಯ ಹಾಳೆಗಳನ್ನೂ ತಯಾರಿಸಿದರು. ಇವು ತಗಡಿನಂತೆ ಕಾಯುವುದಿಲ್ಲ. ಮಲಪ್ರಭೆಯ ದಡದ ಆ ಮುದುಕಿಯ ನೆತ್ತಿಯ ಮೇಲೆ ಇಂತಹ ಹಾಳೆಗಳಿದ್ದಿದ್ದರೆ ಆಕೆ ಬೇವಿನ ಮರವನ್ನು ಅರಸಿಕೊಂಡು ಹೋಗಬೇಕಾಗಿರಲಿಲ್ಲ.

ಇನ್ನು ಡಿಜಿಟಲ್ ತಂತ್ರಜ್ಞಾನದ ಮಾತು. ಅಂಕೆಗಳ ರೂಪದಲ್ಲಿ ಮಾಹಿತಿಯನ್ನು ಕೂಡಿಸಿ, ಕ್ಷಣಮಾತ್ರದಲ್ಲಿ ದೂರಕ್ಕೆ ತಲುಪಿಸುವ ಈ ವಿದ್ಯೆ ಗೋಡೆಯನ್ನು ಕಟ್ಟಲಾರದು. ಆದರೆ ಎಲ್ಲಿ ಕಟ್ಟಬೇಕು, ಯಾವಾಗ ಮನೆ ಬಿಡಬೇಕು, ಹೇಗೆ ಕಟ್ಟಬೇಕು ಎಂಬ ಮೂರು ಪ್ರಶ್ನೆಗಳಿಗೆ ಅದು ಉತ್ತರ ಕೊಡಬಲ್ಲದು.

ಮೊದಲನೆಯದು, ಎಲ್ಲಿ? ನಮ್ಮ ಬಾಹ್ಯಾಕಾಶ ಸಂಸ್ಥೆಯ ರೇಡಾರ್ ಉಪಗ್ರಹಗಳು ಮೋಡ ಕವಿದಿದ್ದರೂ ನೆಲದ ಮೇಲೆ ನಿಂತ ನೀರನ್ನು ಗುರುತಿಸಬಲ್ಲವು. ೨೦೦೯ರಲ್ಲಿ ಆರಂಭವಾದ ‘ಭುವನ್’ ಎಂಬ ಅಂತರ್ಜಾಲ ಭೂಪಟದಲ್ಲಿ ನಮ್ಮ ದೇಶದ ನೆಲವನ್ನು ಯಾರು ಬೇಕಾದರೂ ನೋಡಬಹುದು. ರಾಜ್ಯದ ದೂರಸಂವೇದಿ ಕೇಂದ್ರವು ರೂಪಿಸಿದ ‘ದಿಶಾಂಕ್’ ಎಂಬ ಮೊಬೈಲ್ ಸಾಧನವು ನಾವು ನಿಂತ ಜಾಗದ ಸರ್ವೆ ನಂಬರನ್ನು ಅಲ್ಲಿಯೇ ತೋರಿಸುತ್ತದೆ. ಹಿಂದಿನ ನೆರೆ ಎಲ್ಲಿಯವರೆಗೆ ಏರಿತು, ಯಾವ ಗುಡ್ಡದ ಇಳಿಜಾರು ಕಡಿದಾಗಿದೆ, ಎತ್ತರದ ಸರ್ಕಾರಿ ಜಮೀನು ಯಾವುದು ಎಂಬುದನ್ನು ಆಪತ್ತು ಬರುವ ಮೊದಲೇ ಗುರುತಿಸಿಡಲು ಇವು ಸಾಕು.

ಎರಡನೆಯದು, ಯಾವಾಗ? ಬರ ಪರಿಸ್ಥಿತಿಯ ಮೇಲೆ ಕಣ್ಣಿಡುವುದಕ್ಕಾಗಿ ೧೯೮೮ರಲ್ಲಿ ಆರಂಭವಾದ ಒಂದು ಸಣ್ಣ ಘಟಕವು ಬೆಳೆದು ಇಂದು ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ನಾಡಿನಲ್ಲಿ ಅದು ಸ್ಥಾಪಿಸಿದ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಬಿದ್ದ ಮಳೆಯ ಲೆಕ್ಕವನ್ನು ತಾವಾಗಿಯೇ ಕಳುಹಿಸುತ್ತವೆ. ರೈತರಿಗೆ ಮಳೆಯ ಮಾಹಿತಿ ಹೇಳುವ ‘ವರುಣಮಿತ್ರ’ ದೂರವಾಣಿ, ಸಿಡಿಲಿನ ಮುನ್ಸೂಚನೆ ಕೊಡುವ ‘ಸಿಡಿಲು’ ಎಂಬ ಮೊಬೈಲ್ ಸಾಧನ ಇವೂ ಅದರವೇ.

ಮೂರನೆಯದು, ಹೇಗೆ? ಪಾಕಿಸ್ತಾನದ ವಾಸ್ತುಶಿಲ್ಪಿ ಯಾಸ್ಮೀನ್ ಲಾರಿಯವರ ಕೆಲಸ ಇದಕ್ಕೆ ಉತ್ತಮ ನಿದರ್ಶನ. ಸಿಂಧ್ ಪ್ರಾಂತದ ನೆರೆ ಸಂತ್ರಸ್ತರಿಗೆ ಅವರು ಬಿದಿರು, ಮಣ್ಣು, ಸುಣ್ಣಗಳಿಂದ ಸೂರು ಕಟ್ಟುವುದನ್ನು ಕಲಿಸಿದರು. ಕಲಿತ ಹಳ್ಳಿಯ ಹೆಂಗಸರು ಇತರರಿಗೆ ಕಲಿಸಿದರು. ಕಟ್ಟುವ ಕ್ರಮವನ್ನು ಚಿತ್ರೀಕರಿಸಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಿದರು. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ೨೦೨೩ರಲ್ಲಿ ಅವರಿಗೆ ತನ್ನ ಚಿನ್ನದ ಪದಕವನ್ನು ಕೊಟ್ಟು ಗೌರವಿಸಿತು. ನಮ್ಮಲ್ಲಿ ಚಪ್ಪರ ಹಾಕುವವರ, ಸೋಗೆ ಹೊದಿಸುವವರ ಕೈಚಳಕವನ್ನು ಹೀಗೆ ಚಿತ್ರೀಕರಿಸಿ ಇಡುವ ಕೆಲಸ ಆಗಬೇಕು. ಆ ಹಿರಿಯರು ಕಣ್ಮರೆಯಾದ ಮೇಲೆ ಯಾವ ಯಂತ್ರವೂ ಅವರ ಗಂಟು ಹಾಕುವ ಬಗೆಯನ್ನು ನಮಗೆ ಹೇಳಿಕೊಡಲಾರದು.

ಆದರೆ ಯಂತ್ರವನ್ನೇ ನಂಬಿ ಕೂರುವುದೂ ವಿವೇಕವಲ್ಲ. ಗುಡ್ಡ ಜರಿದ ದಿನ ವಿದ್ಯುತ್ ಕಂಬಗಳೂ ಉರುಳುತ್ತವೆ. ಮೊಬೈಲ್ ಗೋಪುರ ಮೂಕವಾಗುತ್ತದೆ. ಕೈಯಲ್ಲಿರುವ ಫೋನು ಒಂದು ಗಾಜಿನ ಹಲಗೆಯಾಗುತ್ತದೆ. ಆದುದರಿಂದ ಉಪಗ್ರಹದಿಂದ ಪಡೆದ ನಕ್ಷೆಯನ್ನು ಕಾಗದಕ್ಕಿಳಿಸಿ ಶಾಲೆಯ ಗೋಡೆಯ ಮೇಲೆ ತೂಗುಹಾಕಬೇಕು. ಎಚ್ಚರಿಕೆ ಬಂದಾಗ ಮನೆಮನೆಗೆ ಸಾರುವವರು ಯಾರು ಎಂಬುದೂ ಮೊದಲೇ ನಿಶ್ಚಯವಾಗಿರಬೇಕು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಸುರಿಯುವ ಮಳೆಯಲ್ಲಿ ಮೊದಲ ರಾತ್ರಿ ಬಿದಿರನ್ನು ಕಡಿದು ತರಲಾಗದು. ಅಂದು ಪ್ಲಾಸ್ಟಿಕ್ ಹೊದಿಕೆಯೋ ತಗಡೋ ಬೇಗ ಬಂದರೆ ಅದನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಹಸಿದವನ ಮುಂದೆ ಊಟದ ಗುಣದೋಷಗಳನ್ನು ಚರ್ಚಿಸುವುದು ಸಲ್ಲದು. ನನ್ನ ಆಕ್ಷೇಪವಿರುವುದು ಮೊದಲ ರಾತ್ರಿಗಾಗಿ ಬಂದದ್ದು ಎರಡು ಮೂರು ವರ್ಷಗಳ ಮನೆಯಾಗಿಬಿಡುವುದರ ಬಗ್ಗೆ. ಆಶ್ರಯ ಎಂದರೆ ತಲೆಯ ಮೇಲಿನ ಹೊದಿಕೆ ಮಾತ್ರವೆಂದು ತಿಳಿದಾಗ ಹೀಗಾಗುತ್ತದೆ. ಎಲ್ಲವನ್ನೂ ಕಳೆದುಕೊಂಡವನಿಗೆ ಉಳಿದಿರುವುದು ಎರಡು ಕೈ. ಆ ಕೈಗಳಿಗೆ ಕೆಲಸ ಕೊಟ್ಟು, ‘ನಿನ್ನ ಸೂರನ್ನು ಕಟ್ಟಿಕೊಳ್ಳಲು ನಾವು ನೆರವಾಗುತ್ತೇವೆ’ ಎಂದರೆ ಅವನ ಮಾನವೂ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ನೆರೆ ಮತ್ತು ಭೂಕುಸಿತಗಳ ಭಯವಿರುವ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಒಂದು ಬಿದಿರ ಮೆಳೆ ಬೆಳೆಯಲಿ. ೨೦೧೭ರಲ್ಲಿ ಅರಣ್ಯ ಕಾಯಿದೆಗೆ ಆದ ತಿದ್ದುಪಡಿಯಿಂದಾಗಿ, ಕಾಡಿನ ಹೊರಗೆ ಬೆಳೆದ ಬಿದಿರು ಈಗ ಆ ಕಾಯಿದೆಯ ಲೆಕ್ಕದಲ್ಲಿ ಮರವಲ್ಲ. ಅದನ್ನು ಬೆಳೆದು ಬಳಸುವ ಹಾದಿ ಸುಗಮವಾಗಿದೆ. ಹದ ಮಾಡಿದ ಗಳಗಳೂ ಹುರಿಯೂ ಮಳೆಗಾಲಕ್ಕೆ ಮೊದಲು ಒಂದು ಉಗ್ರಾಣದಲ್ಲಿ ಸಿದ್ಧವಾಗಿರಲಿ. ಸುರಕ್ಷಿತವಾದ ಜಾಗ ನಕ್ಷೆಯಲ್ಲಿ ಗುರುತಾಗಿರಲಿ. ಊರಿನ ಹತ್ತು ಜನಕ್ಕಾದರೂ ಕಟ್ಟುವ ಅಭ್ಯಾಸವಿರಲಿ. ಇದಕ್ಕೆ ಬೇಕಾಗುವ ಹಣ ದೊಡ್ಡದಲ್ಲ. ಬೇಕಾಗುವುದು ಬಿಸಿಲುಗಾಲದಲ್ಲಿಯೇ ಮಳೆಗಾಲವನ್ನು ನೆನೆಯುವ ಬುದ್ಧಿ.

ಈ ಕಾರ್ಯದಲ್ಲಿ ನಿಮಗೂ ಪಾಲಿದೆ, ವಿದ್ಯಾರ್ಥಿಗಳೇ. ನಿಮ್ಮ ಊರಿನಲ್ಲಿ ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಅವರು ತೋರಿಸಿದ ಕಲ್ಲನ್ನೋ ಮರವನ್ನೋ ಮೊಬೈಲಿನ ಭೂಪಟದಲ್ಲಿ ಗುರುತಿಸಿ. ಅವರ ನೆನಪು, ನಿಮ್ಮ ಯಂತ್ರ ಎರಡೂ ಕೂಡಿದರೆ ಒಂದು ಊರಿನ ಪ್ರಾಣ ಉಳಿಯಬಹುದು. ಮುಂದಿನ ಸಲ ಊರಿನಲ್ಲಿ ಚಪ್ಪರ ಹಾಕುವವರನ್ನು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಿ. ಗಳಗಳು ಅಲುಗಾಡದಂತೆ ಮೂಲೆಗೆ ಓರೆಯಾಗಿ ಏಕೆ ಕಟ್ಟುತ್ತಾರೆ, ಹುರಿಯನ್ನು ನೀರಿನಲ್ಲಿ ನೆನೆಸಿ ಏಕೆ ಬಿಗಿಯುತ್ತಾರೆ ಎಂದು ಕೇಳಿ. ಬೇಸರವಿಲ್ಲದೆ ಹೇಳಿಕೊಡುತ್ತಾರೆ.

ನನ್ನ ಬಾಲ್ಯದಲ್ಲಿ ಚಪ್ಪರ ಹಾಕಲು ಬರುತ್ತಿದ್ದ ಆ ಹಿರಿಯರನ್ನು ನಾನು ಹಾಗೆ ಕೇಳಲಿಲ್ಲ. ಮೇಲೆ ಗರಿ ಹೊದಿಸುವಾಗ ಕೆಳಗೆ ಬಿದ್ದ ಕಡ್ಡಿಗಳನ್ನು ಆಯ್ದುಕೊಂಡು ಆಟಕ್ಕೆ ಓಡುತ್ತಿದ್ದೆ. ಇಂದು ಅವರ ಹೆಸರು ಕೂಡ ನನಗೆ ನೆನಪಿಲ್ಲ. ನೀವು ಕೇಳಿ, ಬರೆದಿಡಿ, ಕೈಯಾರೆ ಕಟ್ಟಿ ನೋಡಿ. ಮಳೆ ಜೋರಾದ ಒಂದು ರಾತ್ರಿ ನಿಮ್ಮ ಶಾಲೆಯ ಬಾಗಿಲನ್ನು ಯಾರಾದರೂ ತಟ್ಟಿದರೆ, ಒಳಗೆ ಕರೆದುಕೊಳ್ಳುವುದರ ಜೊತೆಗೆ ಮಾರನೆಯ ದಿನ ಏನು ಮಾಡಬೇಕೆಂಬುದೂ ನಿಮಗೆ ತಿಳಿದಿರಲಿ.